ಮನೆ ಬಿಟ್ಟವರ ಮನೆತನ

ಕೊಯಮತ್ತೂರಿನಿಂದ ಅವಿನಾಶಿ ಕಡೆಗೆ ಹೆದ್ದಾರಿ ಹಿಡಿದು ಹೊರಟರೆ ಸೋಮನೂರಿಗೆ ತಿರುಗುವಲ್ಲಿ ಕರುಮತ್ತಂಪಟ್ಟಿ ಸಿಗುತ್ತದೆ. ಸುತ್ತಲೂ ಮಗ್ಗದ ಊರುಗಳು. ಇನ್ನೂ ಮುಂದಕ್ಕೆ ಹೋದರೆ ತಿರುಪ್ಪೂರಿನ ಬನಿಯನ್ ಕಾರ್ಖಾನೆಗಳು. ಇಲ್ಲಿನ ಜಪಮಾಲೆ ಮಾತೆಯ ಚರ್ಚು ಬಹಳ ಹಳೆಯದು. 1846ರ ಅಕ್ಟೋಬರ್ 4ರಂದು ಈ ಊರಿನಲ್ಲಿ 32 ವರ್ಷದ ಫ್ರೆಂಚ್ ಪಾದ್ರಿಯೊಬ್ಬರಿಗೆ ಬಿಷಪ್ ದೀಕ್ಷೆಯಾಯಿತು. ಹೆಸರು ಮೆಲ್ಕಿಯೋರ್ ದ ಮರಿಯೋನ್ ಬ್ರೆಸಿಯಾಕ್. ಕೊಯಮತ್ತೂರು ಸೀಮೆಯ ಕ್ಯಾಥೊಲಿಕರಿಗೆ ಅವರೇ ಮೊದಲ ಬಿಷಪ್. ಮಗನಿಗೆ ಇಂಥ ಪದವಿ ಬಂದರೆ ಆ ಕಾಲದ ಫ್ರಾನ್ಸಿನ ಯಾವ ಭಕ್ತರ ಮನೆಯಲ್ಲಾದರೂ ಹಬ್ಬವಾಗಬೇಕು. ಆದರೆ ಈ ಮಗ ಐದು ವರ್ಷದ ಹಿಂದೆ, ತಂದೆಗೆ ಹೋಗಿಬರುತ್ತೇನೆ ಎಂದೂ ಹೇಳದೆ ಮನೆ ಬಿಟ್ಟು ಬಂದವರು.

ಬ್ರೆಸಿಯಾಕ್ ಹುಟ್ಟಿದ್ದು 1813ರಲ್ಲಿ, ದಕ್ಷಿಣ ಫ್ರಾನ್ಸಿನ ಕಾಸ್ಟೆಲ್‌ನೊದಾರಿ ಎಂಬ ಸಣ್ಣ ಪಟ್ಟಣದಲ್ಲಿ. ಹಳೆಯ ಜಮೀನ್ದಾರಿ ಮನೆತನ, ಕ್ರಾಂತಿಯ ಹೊಡೆತಕ್ಕೆ ಸಿಕ್ಕಿ ಸಿರಿ ಕಳೆದುಕೊಂಡಿತ್ತು. ತಂದೆ ಗಾಸ್ತೋನ್ ಹಿರಿಮಗನಿಗೆ ಮನೆಯಲ್ಲೇ ಪಾಠ ಹೇಳಿದರು. ಮಗ ಪಾದ್ರಿಯಾಗುವುದಕ್ಕೆ ಅವರ ತಕರಾರಿರಲಿಲ್ಲ. ತನ್ನೂರಿನ ಸಂತ ಮೈಕೇಲರ ಚರ್ಚಿನಲ್ಲೇ ಅವನು ಸೇವೆಗೆ ನಿಂತಾಗ ಸಂತೋಷವೇ ಆಗಿರಬೇಕು. ಆದರೆ ಮಗ ಅಷ್ಟಕ್ಕೆ ನಿಲ್ಲದೆ ದೂರದೇಶದ ಮಿಷನ್ನಿಗೆ ಹೋಗುತ್ತೇನೆ ಎಂದಾಗ ತಂದೆ ಒಪ್ಪಲಿಲ್ಲ. 1841ರಲ್ಲಿ ಮಗ ಪ್ಯಾರಿಸ್ಸಿನ ವಿದೇಶ ಮಿಷನ್ ಸಂಸ್ಥೆ ಸೇರಿಕೊಂಡರು, ಮರುವರ್ಷ ಹಡಗು ಹತ್ತಿ ಪುದುಚೇರಿಗೆ ಬಂದರು. ಕೊಯಮತ್ತೂರಿನ ಪ್ರಧಾನ ಚರ್ಚು ಕೂಡ ಸಂತ ಮೈಕೇಲರದ್ದೇ. ಇದನ್ನು ಕಾಕತಾಳೀಯ ಎನ್ನಬಹುದು, ನಾನೇನೂ ಅದರ ಮೇಲೆ ಕತೆ ಕಟ್ಟುವುದಿಲ್ಲ.

ಸಂತರ ಚರಿತ್ರೆ ಬರೆಯುವವರಿಗೆ ಈ ಘಟ್ಟ ಬಹಳ ಪ್ರಿಯ. ಸಂತನಾಗುವವನು ಮನೆಯ ಹೊಸಿಲು ದಾಟಬೇಕು, ಹಿಂದೆ ಯಾರೋ ಅಳಬೇಕು, ಅವನು ತಿರುಗಿ ನೋಡಬಾರದು. ನಮ್ಮಲ್ಲಿ ಸನ್ಯಾಸಿಯ ಪೂರ್ವಾಶ್ರಮವನ್ನು ಕೇಳುವುದೇ ತಪ್ಪು ಎಂಬ ರೂಢಿಯಿದೆ. ಆದರೆ ಯಾವ ಚರಿತ್ರೆಯನ್ನಾದರೂ ಸ್ವಲ್ಪ ಕೆದಕಿ ನೋಡಿ, ಬಿಟ್ಟುಬಂದ ಮನೆ ಅವನ ಹಿಂದೆಯೇ ಬಂದಿರುತ್ತದೆ. ಕೊಯಮತ್ತೂರು ಸೀಮೆಗೆ ಬಂದ ಮಿಷನರಿಗಳ ಕತೆಯನ್ನು ಈ ದಾರಿಯಿಂದ ಓದಿದವರು ಕಡಿಮೆ. ಹಾಗೆ ಓದಬೇಕಾದರೆ ಸುಮಾರು ಸಾವಿರದ ಮುನ್ನೂರು ವರ್ಷದ ಹಿಂದಿನ ಇಂಗ್ಲೆಂಡಿನ ಕೆಲವು ಮನೆಗಳಿಗೂ ಹೋಗಿಬರಬೇಕಾಗುತ್ತದೆ.

ಮೊದಲು ಇಲ್ಲಿಯದೇ ಇನ್ನೊಂದು ಕತೆ. ಈ ಭಾಗ 1799ರವರೆಗೆ ಮೈಸೂರಿನ ಆಳ್ವಿಕೆಯಲ್ಲಿತ್ತು. ಜೆಸ್ಯೂಟರ ಮೈಸೂರು ಮಿಷನ್ ಶ್ರೀರಂಗಪಟ್ಟಣದಿಂದ ಸತ್ಯಮಂಗಲದವರೆಗೆ ಹಬ್ಬಿತ್ತು. ಲಿಯೊನಾರ್ಡೊ ಸಿನ್ನಾಮಿಯಂಥವರು ಹದಿನೇಳನೆಯ ಶತಮಾನದ ನಡುವಿನಲ್ಲೇ ಕನ್ನಡ ಕಲಿತು ವ್ಯಾಕರಣ ಬರೆದಿದ್ದರು. ಆ ಶತಮಾನದ ಎಪ್ಪತ್ತರ ದಶಕದಲ್ಲಿ ಕೇರಳದ ಅಂಬಳಕ್ಕಾಡಿನಿಂದ ಘಟ್ಟ ದಾಟಿ ಸತ್ಯಮಂಗಲದ ಹಾದಿಯಲ್ಲಿ ತಮಿಳುಸೀಮೆಗೆ ಇಳಿದವರು ಪೋರ್ಚುಗಲ್ಲಿನ ಜಾನ್ ಡಿ ಬ್ರಿಟೊ. ಕಾವಿ ಉಟ್ಟು, ಪಂಡಾರಸ್ವಾಮಿಯಾಗಿ ಬದುಕಿದ ಅವರನ್ನು ತಮಿಳರು ಅರುಳಾನಂದರ್ ಎಂದು ಕರೆಯುತ್ತಾರೆ. ಬ್ರಿಟೊ ಲಿಸ್ಬನ್ನಿನ ದೊಡ್ಡ ಮನೆತನದವರು, ಅರಮನೆಯಲ್ಲಿ ರಾಜಕುಮಾರನ ಜೊತೆ ಆಡಿ ಬೆಳೆದವರು. ಚಿಕ್ಕಂದಿನಲ್ಲಿ ಕಾಯಿಲೆ ಬಿದ್ದಾಗ ತಾಯಿ ಸಂತ ಫ್ರಾನ್ಸಿಸ್ ಕ್ಸೇವಿಯರರಿಗೆ ಹರಕೆ ಹೊತ್ತರು. ಹುಡುಗ ಉಳಿದರೆ ಒಂದು ವರ್ಷ ಜೆಸ್ಯೂಟರ ನಿಲುವಂಗಿ ತೊಡಿಸುತ್ತೇನೆ ಎಂದು. ಹುಡುಗ ಉಳಿದ, ಅಂಗಿ ತೊಟ್ಟ. ವರ್ಷ ಕಳೆದ ಮೇಲೆ ಅಂಗಿ ತೆಗೆದರೂ ಮನಸ್ಸಿನಲ್ಲಿ ಅದು ಹಾಗೇ ಉಳಿಯಿತು. ಮುಂದೆ ಅದೇ ಮಗ ಜೆಸ್ಯೂಟನಾಗಿ ಹಿಂದೂಸ್ಥಾನಕ್ಕೆ ಹೊರಟು ನಿಂತಾಗ ಆ ತಾಯಿ ಪೋಪರ ರಾಯಭಾರಿಯ ಬಳಿ ಹೋಗಿ, ಹೇಗಾದರೂ ತಡೆಯಿರಿ ಎಂದು ಬೇಡಿಕೊಂಡರು. ಹರಕೆ ಹೊತ್ತವರಿಗೇ ಹರಕೆ ತಿರುಗಿ ಬಡಿದಿತ್ತು.

ಈಗ ಇಂಗ್ಲೆಂಡಿಗೆ ಬರೋಣ. ಜರ್ಮನ್ ಕರಾವಳಿಯ ಕಡೆಯಿಂದ ಬಂದು ಬ್ರಿಟನ್ನಿನಲ್ಲಿ ನೆಲೆನಿಂತ ಆಂಗ್ಲರು, ಸ್ಯಾಕ್ಸನ್ನರು ಕ್ರೈಸ್ತರಾಗಲು ಶುರುವಾದದ್ದು 597ರಲ್ಲಿ, ರೋಮಿನಿಂದ ಬಂದ ಅಗಸ್ಟೀನನ ಕಾಲದಿಂದ. ಸುಮಾರು ನೂರು ವರ್ಷದೊಳಗೆ ಅವರೇ ಸಮುದ್ರ ದಾಟಿ, ತಮ್ಮ ಪೂರ್ವಜರು ಬಿಟ್ಟುಬಂದ ನೆಲಕ್ಕೆ ಧರ್ಮಪ್ರಚಾರಕ್ಕೆ ಹೊರಟರು. ಅಲ್ಲಿ ಉಳಿದಿದ್ದ ಹಳೆಯ ಸ್ಯಾಕ್ಸನ್ನರು ತಮ್ಮದೇ ರಕ್ತದವರು, ದಾಯಾದಿಗಳು ಎಂಬ ಭಾವನೆ ಅವರ ಕಾಗದಗಳಲ್ಲಿ ಬಹಳ ಸ್ಪಷ್ಟವಾಗಿದೆ. ಅಂದರೆ ಆ ಮಿಷನ್ ಶುರುವಾದದ್ದೇ ನೆಂಟಸ್ತಿಕೆಯ ಲೆಕ್ಕದಲ್ಲಿ.

ಅವರಲ್ಲಿ ಮುಖ್ಯರು ಬೋನಿಫೇಸ್. ಹುಟ್ಟುಹೆಸರು ವಿನ್‌ಫ್ರಿತ್, ಹುಟ್ಟಿದ್ದು ಸುಮಾರು 675ರಲ್ಲಿ, ಇಂಗ್ಲೆಂಡಿನ ನೈಋತ್ಯ ಭಾಗದಲ್ಲಿ. ಮನೆಗೆ ಬಂದುಹೋಗುತ್ತಿದ್ದ ಪಾದ್ರಿಗಳ ಮಾತು ಕೇಳಿ ಎಳೆಯ ಹುಡುಗ ಮಠ ಸೇರುತ್ತೇನೆ ಎಂದು ಹಟ ಹಿಡಿದ. ಆಸ್ತಿಗೆ ವಾರಸುದಾರನಾಗಬೇಕಾದ ಮಗ; ತಂದೆ ಗದರಿಸಿದರು, ಪುಸಲಾಯಿಸಿದರು. ಕೊನೆಗೆ ತಂದೆಗೇ ಜೀವ ಹೋಗುವಂಥ ಕಾಯಿಲೆ ಬಂತು, ಹೆದರಿ ಒಪ್ಪಿಕೊಂಡರು ಎನ್ನುತ್ತದೆ ಅವರ ಮೊದಲ ಚರಿತ್ರೆ. ಕಾಲಡಿಯಲ್ಲಿ ಶಂಕರರ ಕಾಲನ್ನು ಮೊಸಳೆ ಹಿಡಿದ ಮೇಲೆ ತಾಯಿ ಸನ್ಯಾಸಕ್ಕೆ ಒಪ್ಪಿದ ಕತೆ ಗೊತ್ತಿದ್ದವರಿಗೆ ಇದರಲ್ಲಿ ಹೊಸದೇನೂ ಕಾಣದು. ಹೆತ್ತವರು ಸುಮ್ಮನೆ ಒಪ್ಪುವುದಿಲ್ಲ, ಮೊಸಳೆಯೋ ಜ್ವರವೋ ಬೇಕು.

718ರಲ್ಲಿ ಇಂಗ್ಲೆಂಡು ಬಿಟ್ಟ ಬೋನಿಫೇಸ್ ಮತ್ತೆ ಅಲ್ಲಿಗೆ ಕಾಲಿಡಲಿಲ್ಲ. 719ರಲ್ಲಿ ರೋಮಿನಲ್ಲಿ ಹೊಸ ಹೆಸರು ಸಿಕ್ಕಿತು, 722ರಲ್ಲಿ ಬಿಷಪ್ ಪದವಿ ಬಂತು. ಮರುವರ್ಷ ಗೈಸ್ಮಾರ್ ಎಂಬಲ್ಲಿ ಜನ ಪೂಜಿಸುತ್ತಿದ್ದ ದೊಡ್ಡ ಓಕ್ ಮರವನ್ನು ಕಡಿಸಿದ್ದು ಅವರ ಬಗ್ಗೆ ಎಲ್ಲರೂ ಹೇಳುವ ಕತೆ. ನನಗೆ ಅದಕ್ಕಿಂತ ಅವರ ಕಾಗದಗಳು ಮುಖ್ಯ. ಆ ಕಾಗದಗಳಲ್ಲಿ ಎಲ್ಲಿ ನೋಡಿದರೂ ಬಂಧುಗಳು. ಪುಸ್ತಕ ಕಳಿಸಿ ಎಂದು ಊರಿನ ಸನ್ಯಾಸಿನಿಯರಿಗೆ ಬರೆಯುತ್ತಾರೆ, ಅವರು ಬಟ್ಟೆ, ಹಣ, ಪುಸ್ತಕ ಕಳಿಸುತ್ತಾರೆ. ಆಮೇಲೆ ಅವರೇ ಹೊರಟು ಬರುತ್ತಾರೆ.

ಹಾಗೆ ಬಂದವರಲ್ಲಿ ಲಿಯೋಬಾ ಒಬ್ಬರು. ತಾಯಿ ಎಬ್ಬಾ ಬೋನಿಫೇಸರಿಗೆ ರಕ್ತಸಂಬಂಧಿ, ತಂದೆ ಡಿನ್ನೆ ಅವರ ಗೆಳೆಯ. ಬಹಳ ವರ್ಷ ಮಕ್ಕಳಾಗದೆ ಮುಪ್ಪಿಗೆ ಬಂದ ಮೇಲೆ ಎಬ್ಬಾಗೆ ಒಂದು ಕನಸು ಬಿತ್ತು. ಮಡಿಲಲ್ಲಿ ಚರ್ಚಿನ ಗಂಟೆ, ಹೊರತೆಗೆದರೆ ತಾನಾಗಿ ಬಾರಿಸುತ್ತಿದೆ. ಮನೆಯ ಮುದಿ ದಾದಿ ಅರ್ಥ ಹೇಳಿದಳು, ಹೆಣ್ಣುಮಗುವಾಗುತ್ತದೆ, ದೇವರಿಗೆ ಕೊಡಬೇಕು ಎಂದು. ಹಾಗೆ ಹುಟ್ಟಿದ ಮಗಳು ವಿಂಬೋರ್ನ್ ಮಠದಲ್ಲಿ ಓದಿ ಬೆಳೆದು, ಕಂಡರಿಯದ ಬೋನಿಫೇಸರಿಗೆ ಕಾಗದ ಬರೆದಳು. ತಂದೆ ತೀರಿಕೊಂಡು ಎಂಟು ವರ್ಷವಾಯಿತು, ತಾಯಿ ಕಾಯಿಲೆಯಲ್ಲಿದ್ದಾಳೆ, ನಾನು ಒಬ್ಬಳೇ ಮಗಳು, ನಿಮ್ಮನ್ನು ಅಣ್ಣನೆಂದು ತಿಳಿಯಬಹುದೇ ಎಂಬುದು ಅದರ ಸಾರ. ಕೊನೆಗೆ ತಾನೇ ಕಟ್ಟಿದ ನಾಲ್ಕು ಸಾಲು ಲ್ಯಾಟಿನ್ ಪದ್ಯ, ತಪ್ಪಿದ್ದರೆ ತಿದ್ದಿ ಎಂಬ ವಿನಂತಿ. ಮುಂದೆ ಬೋನಿಫೇಸ್ ಆಕೆಯನ್ನು ಜರ್ಮನಿಗೆ ಕರೆಸಿಕೊಂಡು ಬಿಷೋಫ್ಸ್‌ಹೈಮ್‌ನ ಮಠಕ್ಕೆ ಹಿರಿಯಳನ್ನಾಗಿ ಮಾಡಿದರು. ಗಂಡಸರದ್ದೇ ಆದ ಫುಲ್ಡಾ ಮಠದೊಳಕ್ಕೆ ಕಾಲಿಡಲು ಅನುಮತಿ ಇದ್ದ ಹೆಂಗಸು ಆಕೆಯೊಬ್ಬಳೇ.

ಇನ್ನೊಂದು ಮನೆಯ ಕತೆ ಇದಕ್ಕಿಂತ ದೊಡ್ಡದು. ವಿಲಿಬಾಲ್ಡ್ ಮೂರು ವರ್ಷದ ಮಗುವಾಗಿದ್ದಾಗ ಉಸಿರು ಸಿಕ್ಕಿಕೊಂಡು ಸಾಯುವಂತಾದ. ತಂದೆತಾಯಿ ದೊಡ್ಡ ಶಿಲುಬೆಯ ಮುಂದೆ ಹರಕೆ ಹೊತ್ತರು. ಐದು ತುಂಬಿದ ಮೇಲೆ ಮಠಕ್ಕೆ ಒಪ್ಪಿಸಿದರು. ಬ್ರಿಟೊನ ತಾಯಿಗೂ ಇವರಿಗೂ ನಡುವೆ ಹೆಚ್ಚುಕಡಿಮೆ ಸಾವಿರ ವರ್ಷ. ಆದರೆ ವಿಲಿಬಾಲ್ಡ್ ದೊಡ್ಡವನಾದ ಮೇಲೆ ಮಾಡಿದ್ದು ಬೇರೆ. ತಾನೊಬ್ಬನೇ ಹೊರಡದೆ, ಮನೆಮಠ ಬಿಟ್ಟು ರೋಮಿಗೆ ಯಾತ್ರೆ ಬಾ ಎಂದು ತಂದೆಯನ್ನೇ ಪೀಡಿಸಿ ಒಪ್ಪಿಸಿದ. ತಮ್ಮ ವುನಿಬಾಲ್ಡ್ ಕೂಡ ಹೊರಟ. 720ರ ಹೊತ್ತಿಗೆ ಹೊರಟ ತಂದೆ ಇಟಲಿಯ ಲುಕ್ಕಾದಲ್ಲಿ ತೀರಿಕೊಂಡರು. ಜನ ಅವರನ್ನು ಮುಂದೆ ಸಂತ ರಿಚರ್ಡ್ ರಾಜ ಎಂದು ಪೂಜಿಸಿದರು. ಅವರು ರಾಜರೂ ಅಲ್ಲ, ರಿಚರ್ಡ್ ಎಂಬ ಹೆಸರೂ ಆಮೇಲೆ ಅಂಟಿಕೊಂಡದ್ದು.

ವಿಲಿಬಾಲ್ಡ್ ಅಲ್ಲಿಂದ ಜೆರುಸಲೇಮಿಗೆ ಹೋದರು. ವಾಪಸು ಬರುವಾಗ ಟೈರ್ ಬಂದರಿನ ಸುಂಕದವರ ಕಣ್ಣು ತಪ್ಪಿಸಿ ಬೆಲೆಬಾಳುವ ಸುಗಂಧದ್ರವ್ಯವನ್ನು ಸೋರೆಬುರುಡೆಯಲ್ಲಿ ಸಾಗಿಸಿದರು. ಬುರುಡೆಯ ಬಾಯಿಗೆ ಕಲ್ಲೆಣ್ಣೆ ತುಂಬಿದ ಕೊಳವೆ ಇಟ್ಟಿದ್ದರಿಂದ ಮೂಸಿದವರಿಗೆ ಬರೀ ಎಣ್ಣೆಯ ವಾಸನೆ! ಈ ಕಳ್ಳಸಾಗಣೆ ನಮಗೆ ಗೊತ್ತಾದದ್ದು ಅವರೇ ಮುಪ್ಪಿನಲ್ಲಿ ಹೇಳಿ ಬರೆಸಿದ್ದರಿಂದ. ಬರೆದುಕೊಂಡವಳು ಹೈಡನ್‌ಹೈಮ್ ಮಠದ ಸನ್ಯಾಸಿನಿ ಹುಗೆಬುರ್ಕ್, ಅದೇ ಮನೆತನದ ಹೆಣ್ಣು. ತನ್ನ ಹೆಸರನ್ನು ಗುಪ್ತಲಿಪಿಯಲ್ಲಿ ಅಡಗಿಸಿಟ್ಟಳು. ಅದನ್ನು ಬಿಡಿಸಿ ಓದಿದ್ದು 1931ರಲ್ಲಿ, ಬೆರ್ನ್‌ಹಾರ್ಡ್ ಬಿಷೋಫ್ ಎಂಬ ಜರ್ಮನ್ ವಿದ್ವಾಂಸ. ನಮಗೆ ತಿಳಿದ ಮಟ್ಟಿಗೆ ಇಷ್ಟು ದೊಡ್ಡ ಕೃತಿ ಬರೆದ ಮೊದಲ ಆಂಗ್ಲೋ ಸ್ಯಾಕ್ಸನ್ ಹೆಂಗಸು ಆಕೆಯೇ. ಸಂತರ ಕುಟುಂಬದೊಳಗಿನ ಒಬ್ಬ ಹೆಣ್ಣುಮಗಳು ಲೇಖನಿ ಹಿಡಿಯದಿದ್ದರೆ ಆ ಸೋರೆಬುರುಡೆಯ ಕತೆ ಯಾರ ಕೈಗೂ ಸಿಗುತ್ತಿರಲಿಲ್ಲ.

ವಿಲಿಬಾಲ್ಡ್ ಜರ್ಮನಿಯ ಐಷ್ಟೆಟ್‌ಗೆ ಬಿಷಪ್ ಆದರು. ವುನಿಬಾಲ್ಡ್ 752ರಲ್ಲಿ ಹೈಡನ್‌ಹೈಮ್ ಮಠ ಕಟ್ಟಿದರು. ಅವರು 761ರಲ್ಲಿ ತೀರಿಕೊಂಡಾಗ ತಂಗಿ ವಾಲ್‌ಬುರ್ಗಾ ಅದರ ಆಡಳಿತ ವಹಿಸಿಕೊಂಡರು, ಗಂಡಸರ ಮಠ ಹೆಂಗಸರ ಮಠ ಎರಡನ್ನೂ. ಅಣ್ಣ ತಮ್ಮ ತಂಗಿ ಮೂವರೂ ಸಂತರು, ತಂದೆಯೂ ಸಂತ. ಐಷ್ಟೆಟ್‌ನಲ್ಲಿ ವಾಲ್‌ಬುರ್ಗಾಳ ಸಮಾಧಿಯಿಂದ ಒಸರುವ ದ್ರವವನ್ನು ಇಂದಿಗೂ ಸಣ್ಣ ಸೀಸೆಗಳಲ್ಲಿ ಭಕ್ತರಿಗೆ ಕೊಡುತ್ತಾರೆ. ಯುರೋಪಿನಲ್ಲಿ ಏಪ್ರಿಲ್ 30ರ ರಾತ್ರಿ ಮಾಟಗಾತಿಯರ ರಾತ್ರಿ ಎಂದು ಹೆಸರಾಗಿರುವುದೂ ಪಾಪ ಈ ಸಾಧ್ವಿಯ ಹೆಸರಿನಲ್ಲೇ. ಮೇ 1 ಆಕೆಯ ಹಬ್ಬ, ಹಿಂದಿನ ರಾತ್ರಿಗೆ ಹಳೆಯ ನಂಬಿಕೆಗಳು ತಳುಕು ಹಾಕಿಕೊಂಡವು.

ಎಲ್ಲರಿಗೂ ಇಂಥ ಅದೃಷ್ಟವಿರಲಿಲ್ಲ. ಬೋನಿಫೇಸರ ಉತ್ತರಾಧಿಕಾರಿ ಲುಲ್ ಅವರ ಚಿಕ್ಕಮ್ಮನೋ ದೊಡ್ಡಮ್ಮನೋ ಆಗಬೇಕಾದ ಸಿನೆಹಿಲ್ಡ್ ಮಕ್ಕಳೊಂದಿಗೆ ತುರಿಂಗಿಯಾಕ್ಕೆ ಬಂದಿದ್ದರು. ಆಕೆಯ ಮಗಳು ಬೆರ್ಟ್‌ಗಿತ್ ತಮ್ಮೂರಿನಿಂದ ಬಲು ದೂರದ ಆ ನಾಡಿನಲ್ಲಿ ಒಬ್ಬಂಟಿಯಾಗಿ ಉಳಿದು ಸೋದರ ಬಾಲ್ಟ್‌ಹಾರ್ಡನಿಗೆ ಬರೆದ ಮೂರು ಕಾಗದಗಳು ಉಳಿದಿವೆ. ಯಾಕೆ ನನ್ನನ್ನು ನೋಡಲು ಬರುವುದಿಲ್ಲ, ಈ ಲೋಕದಲ್ಲಿ ನನಗೆ ಬೇರೆ ಯಾರೂ ಇಲ್ಲ ಎಂದು ಆಕೆ ಮತ್ತೆ ಮತ್ತೆ ಕೇಳುತ್ತಾಳೆ. ಅವನು ಉಡುಗೊರೆ ಕಳಿಸಿದ್ದ ಎಂಬುದು ಕಾಗದದಿಂದ ತಿಳಿಯುತ್ತದೆ. ಧರ್ಮಪ್ರಚಾರದ ಉತ್ಸಾಹ ಆ ಪುಟಗಳಲ್ಲಿ ಹುಡುಕಿದರೂ ಸಿಗದು. ಇಡೀ ಆಂಗ್ಲೋ ಸ್ಯಾಕ್ಸನ್ ಮಿಷನ್ನಿನ ಬಗ್ಗೆ ಒಂದೇ ಒಂದು ಬರಹ ಓದಿ ಎಂದರೆ ನಾನು ಓಕ್ ಮರದ ಪವಾಡ ಬಿಟ್ಟು ಬೆರ್ಟ್‌ಗಿತ್‌ಳ ಕಾಗದಗಳನ್ನೇ ತೋರಿಸುತ್ತೇನೆ.

754ರಲ್ಲಿ ಬೋನಿಫೇಸ್ ಎಂಬತ್ತರ ಹತ್ತಿರದ ವಯಸ್ಸಿನಲ್ಲಿ ಫ್ರೀಸಿಯಾಕ್ಕೆ, ಈಗಿನ ನೆದರ್ಲೆಂಡ್ಸ್ ಕರಾವಳಿಗೆ ಹೊರಟರು. ಪುಸ್ತಕದ ಪೆಟ್ಟಿಗೆಯಲ್ಲಿ ಹೆಣಕ್ಕೆ ಹೊದಿಸುವ ಬಟ್ಟೆಯನ್ನೂ ಇಡಲು ಲುಲ್ ಅವರಿಗೆ ಹೇಳಿದರು. ಲಿಯೋಬಾಗೆ ತಮ್ಮ ತಲೆಯ ಕುಲಾವಿ ಕೊಟ್ಟರು, ತಮ್ಮ ಗೋರಿಯಲ್ಲೇ ಆಕೆಯನ್ನೂ ಹೂಳಬೇಕು ಎಂದು ಮಠದ ಹಿರಿಯರಿಗೆ ತಾಕೀತು ಮಾಡಿದರು. ಜೂನ್ 5ರಂದು ಡೊಕ್ಕುಮ್ ಬಳಿ ಅವರನ್ನು ಕೊಂದರು. ಲಿಯೋಬಾ ತೀರಿಕೊಂಡದ್ದು ಸುಮಾರು 782ರಲ್ಲಿ. ಫುಲ್ಡಾದ ಸನ್ಯಾಸಿಗಳಿಗೆ ಬೋನಿಫೇಸರ ಗೋರಿ ತೆಗೆಯುವ ಧೈರ್ಯವಾಗಲಿಲ್ಲ, ಆಕೆಯನ್ನು ಬೇರೆ ಕಡೆ ಹೂಳಿದರು.

ಮಿಷನರಿಗಳು ತಮ್ಮ ಮನೆಯನ್ನು ಹೀಗೆ ಬೆನ್ನಿಗೆ ಕಟ್ಟಿಕೊಂಡು ಬಂದರು, ಸರಿ. ಹೋದ ಕಡೆ ಇದ್ದ ಮನೆಗಳನ್ನು ಏನು ಮಾಡಿದರು? ಇಲ್ಲಿ ಇಬ್ಬರು ಸಂತರ ಸಾವು ಒಂದೇ ತೆರನಾಗಿದೆ. ಐರ್ಲೆಂಡಿನಿಂದ ಬಂದ ಕಿಲಿಯನ್ ಎಂಬ ಸಂತ 689ರ ಸುಮಾರಿಗೆ ವ್ಯುರ್ಟ್ಸ್‌ಬುರ್ಗ್‌ನಲ್ಲಿ ಕೊಲೆಯಾದರು. ಅಲ್ಲಿನ ದೊರೆ ಗೋಟ್ಸ್‌ಬರ್ಟ್ ಅಣ್ಣನ ವಿಧವೆಯನ್ನು ಮದುವೆಯಾಗಿದ್ದ. ಬಿಟ್ಟುಬಿಡು ಎಂದರು ಕಿಲಿಯನ್. ಆಕೆಯೇ ಕೊಲ್ಲಿಸಿದಳು ಎನ್ನುತ್ತದೆ ಕತೆ. ಬೋನಿಫೇಸರ ಜೊತೆಗಾರ, ಆಂಗ್ಲೋ ಸ್ಯಾಕ್ಸನ್ ಬುರ್ಖಾರ್ಡ್ ಆಮೇಲೆ ಅಲ್ಲಿನ ಮೊದಲ ಬಿಷಪ್ ಆಗಿ ಆ ಅಸ್ಥಿಗಳನ್ನು ಮೇಲೆತ್ತಿ ಪೂಜೆಗಿಟ್ಟರು. ಮರವ ಸೀಮೆಯಲ್ಲಿ ಬ್ರಿಟೊ ಮಾಡಿದ್ದೂ ಇದನ್ನೇ. ತಡಿಯತೇವರ್ ಎಂಬ ದೊರೆಮಗ ಕ್ರೈಸ್ತನಾಗಲು ಬಂದಾಗ, ಒಬ್ಬಳನ್ನು ಇಟ್ಟುಕೊಂಡು ಉಳಿದ ಹೆಂಡತಿಯರನ್ನು ಬಿಡಬೇಕು ಎಂದರು. ಬಿಡಿಸಿಕೊಂಡ ಕಿರಿಯವಳು ರಾಮನಾಡಿನ ಸೇತುಪತಿಯ ಅಣ್ಣತಮ್ಮಂದಿರ ಪೈಕಿ ಮಗಳು. ಆಕೆ ದೂರು ಕೊಟ್ಟಳು. 1693ರ ಫೆಬ್ರವರಿ 4ರಂದು ಓರಿಯೂರಿನಲ್ಲಿ ಬ್ರಿಟೊರ ತಲೆ ಕಡಿದರು. ಸಂತಪದವಿ ಸಿಕ್ಕಿದ್ದು 1947ರಲ್ಲಿ. ಎರಡೂ ಕತೆಗಳಲ್ಲಿ ಹೆಂಗಸನ್ನೇ ಖಳನಾಯಕಿ ಮಾಡಿದ್ದಾರೆ. ಗಂಡ ಯಾವುದೋ ಹೊಸ ದೇವರಿಗೆ ಒಲಿದ ಕಾರಣಕ್ಕೆ ಬೀದಿಗೆ ಬಿದ್ದವಳ ಪಾಡು ಏನು ಎಂದು ಕೇಳಿದ ಚರಿತ್ರೆಕಾರರನ್ನು ನಾನು ಕಂಡಿಲ್ಲ.

ಮದುವೆಯ ವಿಷಯದಲ್ಲಿ ಬೋನಿಫೇಸರೇ ಒಮ್ಮೆ ಸಿಕ್ಕಿಬಿದ್ದಿದ್ದರು. ಮಗುವಿನ ಜ್ಞಾನಸ್ನಾನಕ್ಕೆ ಧರ್ಮಪಿತನಾಗಿ ನಿಂತವನು ಆ ಮಗುವಿನ ವಿಧವೆ ತಾಯಿಯನ್ನು ಮದುವೆಯಾಗಬಾರದು ಎಂಬ ರೋಮಿನ ನಿಯಮ ಅವರಿಗೆ ಗೊತ್ತಿರಲಿಲ್ಲ. ಇದು ಯಾವ ಶಾಸ್ತ್ರದಲ್ಲಿದೆ, ನನಗಂತೂ ಅರ್ಥವಾಗುವುದಿಲ್ಲ ಎಂದು 735ರ ಸುಮಾರಿಗೆ ಊರಿನ ಬಿಷಪ್ಪರಿಗೆ ಕಾಗದ ಬರೆದು ವಿಚಾರಿಸಿದರು. ರಕ್ತಸಂಬಂಧದಲ್ಲಿ ಎಷ್ಟು ತಲೆಮಾರು ಬಿಡಬೇಕು ಎಂಬುದಕ್ಕೂ ಒಬ್ಬ ಪೋಪ್ ಒಂದು ಹೇಳಿದರೆ ಇನ್ನೊಬ್ಬರು ಇನ್ನೊಂದು ಹೇಳುತ್ತಿದ್ದರು. ಇಂಥ ಸಂಬಂಧ ನಿಷೇಧದ ಪಟ್ಟಿ ಹಿಡಿದುಕೊಂಡು ಅಕ್ಕನ ಮಗಳನ್ನು, ಸೋದರತ್ತೆಯ ಮಗಳನ್ನು ತರುವುದೇ ಹಕ್ಕು ಎಂದು ತಿಳಿದಿರುವ ಕೊಂಗುನಾಡಿಗೂ ಮೈಸೂರಿಗೂ ಪಾದ್ರಿಗಳು ಬಂದರೆ ಏನಾಗಬೇಕು! ಚರ್ಚು ಪ್ರತಿ ಮದುವೆಗೂ ವಿನಾಯಿತಿ ಕೊಡುತ್ತಾ ಕೂತಿತು. ಇತ್ತ ಧಾರವಾಡ, ಮಡಿಕೇರಿ, ಮಂಗಳೂರುಗಳಲ್ಲಿ ಕೆಲಸ ಮಾಡಿದ ನಿಘಂಟುಕಾರ ಮಿಷನರಿ ಕಿಟೆಲ್ ಮೊದಲ ಹೆಂಡತಿ ಪೌಲೀನ ತೀರಿಕೊಂಡ ಮೇಲೆ ಆಕೆಯ ತಂಗಿ ಜೂಲಿಯನ್ನು ಮದುವೆಯಾದರು. ನಮ್ಮವರಿಗೆ ಅದು ಸಹಜ. ಅದೇ ಕೆಲಸ ಇಂಗ್ಲೆಂಡಿನಲ್ಲಿ 1907ರವರೆಗೆ ಕಾನೂನುಬಾಹಿರವಾಗಿತ್ತು.

ಈಗ ಬ್ರೆಸಿಯಾಕರ ಕರುಮತ್ತಂಪಟ್ಟಿಗೆ ವಾಪಸು. ಅವರ ತಲೆ ತಿಂದ ಸಮಸ್ಯೆ ನೂರೈವತ್ತು ವರ್ಷ ಹಳೆಯದು. ಪುದುಚೇರಿಗೆ ಬಂದಿದ್ದ ಪೋಪರ ಪ್ರತಿನಿಧಿ ಟೂರ್ನೊನ್ 1704ರಲ್ಲಿ ಹದಿನಾರು ಕಲಮುಗಳ ಆಜ್ಞೆ ಹೊರಡಿಸಿದ್ದರು. ಪಿಳ್ಳೈಯಾರ್ ಚಿತ್ರವಿರುವ ತಾಳಿ ಬೇಡ. ಮದುವೆಯಲ್ಲಿ ತೆಂಗಿನಕಾಯಿ ಒಡೆಯುವುದು ಬೇಡ. ಹೆಣ್ಣುಮಗಳು ದೊಡ್ಡವಳಾದಾಗ ಸಂಭ್ರಮ ಮಾಡುವುದು ಬೇಡ. ಹಣೆಗೆ ಬೂದಿ ಬೇಡ. ಕಾಯಿಲೆ ಬಿದ್ದ ಪರೆಯರ ಮನೆಯೊಳಗೇ ಪಾದ್ರಿ ಹೋಗಿ ಸಂಸ್ಕಾರ ಕೊಡಬೇಕು. ಪಟ್ಟಿ ನೋಡಿ, ಹೆಚ್ಚಿನವು ಮನೆಯೊಳಗಿನ ಸಂಗತಿಗಳೇ. ಕೊನೆಯದರಲ್ಲಿ ರೋಮ್ ಸರಿ, ಜಾತಿಗೆ ಹೆದರಿ ಸಾಯುವವನ ಮನೆಯ ಹೊರಗೆ ನಿಂತ ಪಾದ್ರಿಗಳು ತಪ್ಪು ಎಂದು ಯಾವ ಅನುಮಾನವೂ ಇಲ್ಲದೆ ಹೇಳಬಹುದು. ತೆಂಗಿನಕಾಯಿಯ ವಿಷಯದಲ್ಲಿ ಅದೇ ರೋಮ್ ತನ್ನ ಹಳೆಯ ಬುದ್ಧಿಯನ್ನೇ ಮರೆತಿತ್ತು. 601ರಲ್ಲಿ ಪೋಪ್ ಗ್ರೆಗೊರಿ ಇಂಗ್ಲೆಂಡಿಗೆ ಹೊರಟ ಮೆಲಿಟಸ್‌ಗೆ ಬರೆದಿದ್ದರು, ಗುಡಿಗಳನ್ನು ಕೆಡವಬೇಡಿ, ಒಳಗಿನ ವಿಗ್ರಹ ತೆಗೆದು ಅವನ್ನೇ ಬಳಸಿಕೊಳ್ಳಿ, ಜನರ ಹಬ್ಬದೂಟ ನಿಲ್ಲಿಸಬೇಡಿ ಎಂದು. ಆ ಸಲಹೆಯಿಂದ ಕ್ರೈಸ್ತರಾದವರ ಮೊಮ್ಮಕ್ಕಳೇ ಬೋನಿಫೇಸ್, ಲಿಯೋಬಾ.

1744ರಲ್ಲಿ ಪೋಪ್ ಹದಿನಾಲ್ಕನೆಯ ಬೆನೆಡಿಕ್ಟ್ ಈ ವಿವಾದಕ್ಕೆ ಕೊನೆಯ ಮಾತು ಎಂಬಂತೆ ಆಜ್ಞೆ ಹೊರಡಿಸಿ, ಅದನ್ನು ಪಾಲಿಸುತ್ತೇವೆಂದು ಪ್ರತಿಯೊಬ್ಬ ಮಿಷನರಿಯೂ ಪ್ರಮಾಣ ಮಾಡಬೇಕು ಎಂದರು. ಪ್ರಮಾಣ ಮಾಡುವುದು ಸುಲಭ. ಊರಿಗೆ ಹೋದರೆ ಚರ್ಚಿನೊಳಗೇ ಜಾತಿಗೊಂದು ಜಾಗ, ಮದುವೆ ಸಾವುಗಳಲ್ಲಿ ಹಳೆಯದೇ ಪದ್ಧತಿ. ಒಬ್ಬ ಪಾದ್ರಿ ಕಣ್ಣುಮುಚ್ಚಿಕೊಂಡರೆ ಇನ್ನೊಬ್ಬರು ಕೂಗಾಡುತ್ತಿದ್ದರು. ಬ್ರೆಸಿಯಾಕರಿಗೆ ಎರಡೂ ಆಗಲಿಲ್ಲ. ಯಾವುದು ಮತ, ಯಾವುದು ಬರೀ ನಡವಳಿಕೆ ಎಂದು ರೋಮ್ ಸ್ಪಷ್ಟವಾಗಿ ಹೇಳಲಿ ಎಂದು ಪಟ್ಟುಹಿಡಿದರು. ತಾವು ಬಂದ ಮುಖ್ಯ ಉದ್ದೇಶ ಇನ್ನೊಂದು ಎಂದೂ ಹೇಳುತ್ತಿದ್ದರು. ಈ ನೆಲದ ಮಕ್ಕಳೇ ಪಾದ್ರಿಗಳಾಗಬೇಕು, ಬಿಷಪ್ಪರಾಗಬೇಕು, ಹೊರಗಿನವರು ಅವರನ್ನು ತಯಾರು ಮಾಡಿ ಹಿಂದೆ ಸರಿಯಬೇಕು. 1844ರ ಪುದುಚೇರಿಯ ಧರ್ಮಸಭೆ ಇದನ್ನೇ ಚರ್ಚಿಸಿತ್ತು, ಮರುವರ್ಷ ರೋಮೂ ಹಾಗೆಯೇ ಸುತ್ತೋಲೆ ಕಳಿಸಿತ್ತು. ಕಾಗದದ ಮೇಲಿನ ಮಾತನ್ನು ಮನಸ್ಸಿಗೆ ತೆಗೆದುಕೊಂಡ ಬಿಷಪ್ಪರು ಮಾತ್ರ ಬೆರಳೆಣಿಕೆಯಷ್ಟು.

1854ರಲ್ಲಿ ಬ್ರೆಸಿಯಾಕ್ ರೋಮಿಗೆ ಹೊರಟರು, ಮರುವರ್ಷ ರಾಜೀನಾಮೆ ಅಂಗೀಕಾರವಾಯಿತು. ಊರಿಗೆ ಹೋಗಿ ಸುಮ್ಮನೆ ಕೂರಬಹುದಿತ್ತು. 1856ರ ಡಿಸೆಂಬರ್ 8ರಂದು ಲಿಯೋನ್ ನಗರದಲ್ಲಿ ಆಫ್ರಿಕಾ ಮಿಷನ್ ಸಂಘ ಕಟ್ಟಿದರು. 1859ರ ಮೇ ತಿಂಗಳಲ್ಲಿ ಸಿಯೆರಾ ಲಿಯೋನ್‌ನ ಫ್ರೀಟೌನಿಗೆ ಇಳಿದರು. ಆರೇ ವಾರ. ಜೂನ್ 25ರಂದು ಹಳದಿಜ್ವರ ಅವರನ್ನು ಕೊಂಡೊಯ್ದಿತು, ಜೊತೆಗಾರರೂ ಉಳಿಯಲಿಲ್ಲ. ಸಂಘ ಉಳಿಯಿತು, ಈಗಲೂ ಇದೆ. 2020ರ ಮೇ ತಿಂಗಳಲ್ಲಿ ಪೋಪ್ ಫ್ರಾನ್ಸಿಸ್ ಅವರನ್ನು ಪೂಜ್ಯರೆಂದು ಸಾರಿದರು. ಸಂತಪದವಿಯ ಹಾದಿಯಲ್ಲಿ ಅದು ಒಂದು ಮೆಟ್ಟಿಲು. ಮುಂದಿನದಕ್ಕೆ ಒಂದು ಪವಾಡ ಬೇಕು.

ಕೊಯಮತ್ತೂರಿಗೆ ಭಾರತೀಯ ಬಿಷಪ್ ಬಂದದ್ದು 1940ರಲ್ಲಿ. ಬ್ರೆಸಿಯಾಕರ ದೀಕ್ಷೆಯಾಗಿ 94 ವರ್ಷದ ಮೇಲೆ. ಫ್ರೀಸಿಯಾದಲ್ಲಿ ಇದಕ್ಕೆ ಎಷ್ಟು ಕಾಲ ಹಿಡಿಯಿತು ನೋಡಿ. ಬೋನಿಫೇಸರ ಕೊಲೆ 754ರಲ್ಲಿ. ಅದೇ ಫ್ರೀಸಿಯನ್ ಜನಾಂಗದ ಲಿಯುಡ್ಗರ್ 805ರಲ್ಲಿ ಮ್ಯುನ್‌ಸ್ಟರಿನ ಬಿಷಪ್ ಆದರು. ಹುಡುಗನಾಗಿದ್ದಾಗ ಬೋನಿಫೇಸರನ್ನು ಕಣ್ಣಾರೆ ಕಂಡವರು. ಅವರ ಅಜ್ಜ ವುರ್ಸಿಂಗ್ ಇನ್ನೊಬ್ಬ ಆಂಗ್ಲೋ ಸ್ಯಾಕ್ಸನ್ ಸಂತ ವಿಲಿಬ್ರೋರ್ಡರ ಸ್ನೇಹಿತ. ಲಿಯುಡ್ಗರರ ತಮ್ಮ ಹಿಲ್ಡಿಗ್ರಿಮ್ ಇನ್ನೊಂದು ಕಡೆ ಬಿಷಪ್. ಅಕ್ಕತಂಗಿಯರ ಮಕ್ಕಳ ಪೀಳಿಗೆಯವರಾದ ಗೆರ್‌ಫ್ರಿಡ್, ಆಲ್ಟ್‌ಫ್ರಿಡ್ ಒಬ್ಬರಾದ ಮೇಲೊಬ್ಬರು ಮ್ಯುನ್‌ಸ್ಟರಿನ ಪೀಠಕ್ಕೆ. ವೆರ್ಡನ್ ಮಠವೋ, ಕುಟುಂಬದ ಆಸ್ತಿಯೇ. ಸ್ವಜನಪಕ್ಷಪಾತ ಎಂದು ಈಗ ಬೈಯಬಹುದು. ಆದರೆ ಬಂದವರ ಮನೆತನದಿಂದ ಅಲ್ಲಿಯವರ ಮನೆತನಕ್ಕೆ ಅಧಿಕಾರ ದಾಟಲು ಐವತ್ತು ವರ್ಷ ಸಾಕಾಯಿತು. ಹೊರಗಿನವರು, ಒಳಗಿನವರು ಊಟಕ್ಕೆ ಒಟ್ಟಿಗೆ ಕೂರಬಹುದಿತ್ತು, ಮೈಬಣ್ಣ ಒಂದೇ ಇತ್ತು, ಬೆನ್ನಿಗೆ ಕಂಪನಿ ಸರ್ಕಾರ ಇರಲಿಲ್ಲ. ಬ್ರೆಸಿಯಾಕ್ ಸೋತರು ಎಂದು ಬರೆಯುವವರು ಈ ವ್ಯತ್ಯಾಸವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಕೊಯಮತ್ತೂರಿನಲ್ಲಿ 1830ರಲ್ಲೇ ಲಂಡನ್ ಮಿಷನ್ನಿನ ಡಬ್ಲ್ಯು. ಬಿ. ಆಡಿಸ್ ಪ್ರೊಟೆಸ್ಟೆಂಟರ ಕೆಲಸ ಶುರುಮಾಡಿದ್ದರು. ಪ್ರೊಟೆಸ್ಟೆಂಟ್ ಪಾದ್ರಿಗಳು ಹೆಂಡತಿ ಮಕ್ಕಳೊಂದಿಗೆ ಬರುವವರು, ಹಾಗಾಗಿ ಅವರಲ್ಲಿ ಮನೆತನ ಮತ್ತೆ ತಲೆಯೆತ್ತುತ್ತದೆ. ಇದರ ಲಾಭ ಯಾರಿಗಾದರೂ ಆಗಿದ್ದರೆ ಕನ್ನಡಕ್ಕೆ. ಅದೇ ಲಂಡನ್ ಮಿಷನ್ನಿನ ಬೆಂಜಮಿನ್ ರೈಸ್ 1837ರಲ್ಲಿ ಬೆಂಗಳೂರಿಗೆ ಬಂದರು. ಆ ವರ್ಷವೇ ಹುಟ್ಟಿದ ಮಗ ಬಿ. ಎಲ್. ರೈಸ್ ನಮ್ಮ ಶಾಸನಗಳನ್ನೆಲ್ಲ ಹುಡುಕಿ ಎಪಿಗ್ರಾಫಿಯಾ ಕರ್ನಾಟಿಕದ ಸಂಪುಟಗಳನ್ನು ತಂದರು. ಇನ್ನೊಬ್ಬ ಮಗ ಇ. ಪಿ. ರೈಸ್ ಮಿಷನರಿಯೇ ಆಗಿ, ಕನ್ನಡ ಸಾಹಿತ್ಯದ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದರು. ಕಿಟೆಲ್ ಹುಟ್ಟಿದ್ದು 1832ರಲ್ಲಿ, ಪೂರ್ವ ಫ್ರೀಸಿಯಾದ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ, ಒಬ್ಬ ಪಾದ್ರಿಯ ಮಗನಾಗಿ. ಲಿಯುಡ್ಗರ್ ಸುವಾರ್ತೆ ಸಾರಿದ್ದು ಅದೇ ಕರಾವಳಿಯ ಹಳ್ಳಿಗಳಲ್ಲಿ. 1894ರಲ್ಲಿ ಅಚ್ಚಾದ ಎಪ್ಪತ್ತು ಸಾವಿರ ಶಬ್ದಗಳ ಕಿಟೆಲ್ ಕೋಶ ಯಾವ ಕನ್ನಡಿಗನಿಗೆ ಗೊತ್ತಿಲ್ಲ?

ಈ ಕಡೆಯ ಮನೆಗಳ ಮಾತು ಮಾತ್ರ ಯಾವ ಚರಿತ್ರೆಯಲ್ಲೂ ಪೂರ್ತಿ ಬಂದಿಲ್ಲ. 1844ರಲ್ಲಿ ಮಂಗಳೂರಿನಲ್ಲಿ ಸಾರಸ್ವತ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯ ಬಾಸೆಲ್ ಮಿಷನ್ನಿನ ಮ್ಯೋಗ್ಲಿಂಗ್ ಅವರಿಂದ ದೀಕ್ಷೆ ತೆಗೆದುಕೊಂಡಾಗ ಊರೇ ಎದ್ದು ನಿಂತಿತ್ತು. ಕೌಂಡಿನ್ಯರು ಬಾಸೆಲ್‌ನಲ್ಲಿ ಓದಿ ಪಾದ್ರಿಯಾದರು. ಮ್ಯೋಗ್ಲಿಂಗ್ ಕೌಂಡಿನ್ಯರನ್ನು ಮಗನಂತೆ ಕಂಡರು. ಇದೆಲ್ಲ ಮಿಷನ್ನಿನ ವರದಿಗಳಲ್ಲಿದೆ. ಹೆತ್ತವರು ಏನು ಅನುಭವಿಸಿದರು ಎಂಬುದು ಆ ವರದಿಗಳಿಗೆ ಬೇಕಾದ ವಿಷಯವಾಗಿರಲಿಲ್ಲ. ಸತ್ಯಮಂಗಲ, ಕರುಮತ್ತಂಪಟ್ಟಿ, ಧಾರಾಪುರಗಳ ಮನೆಗಳದ್ದೂ, 1956ರವರೆಗೆ ಕೊಯಮತ್ತೂರು ಜಿಲ್ಲೆಗೇ ಸೇರಿದ್ದ ಕೊಳ್ಳೇಗಾಲದ ಕನ್ನಡ ಕ್ರೈಸ್ತರ ಮನೆಗಳದ್ದೂ ಇದೇ ಪಾಡು.

ಬೆರ್ಟ್‌ಗಿತ್‌ಳ ಕಾಗದಗಳು ಉಳಿದದ್ದು ಲುಲ್ ಅವರ ಸುತ್ತ ಇದ್ದ ಯಾರೋ ಬೋನಿಫೇಸರ ಕಾಗದಗಳ ಜೊತೆ ಅವನ್ನೂ ಪ್ರತಿ ಮಾಡಿ ಇಟ್ಟಿದ್ದರಿಂದ. ಅಜ್ಜ ಮುತ್ತಜ್ಜಂದಿರು ಮತ ಬದಲಾಯಿಸಿದ, ಬದಲಾಯಿಸಿದವರನ್ನು ಮನೆಯಿಂದ ಹೊರಗೆ ಹಾಕಿದ ಅಥವಾ ಮತ್ತೆ ಒಳಗೆ ಕರೆದುಕೊಂಡ ಕಾಲದ ಒಂದು ಹಳೆಯ ಪತ್ರವೋ, ಮದುವೆಯ ವಿನಾಯಿತಿ ಚೀಟಿಯೋ, ಚರ್ಚಿನ ದಾಖಲೆಯ ನಕಲೋ ನಿಮ್ಮ ಮನೆಯ ಟ್ರಂಕಿನಲ್ಲಿದ್ದರೆ ದಯವಿಟ್ಟು ರದ್ದಿಗೆ ಹಾಕಬೇಡಿ. ಮನೆಯ ಹಿರಿಯರು ಇರುವಾಗಲೇ ಕೇಳಿ, ದಿನಾಂಕ ಹಾಕಿ ಬರೆದಿಡಿ.